ಅವ್ವ ಉಪ್ಪು ಬಿಟ್ಟ ಬೇಸಿಗೆ

ಮೊಮ್ಮಕ್ಕಳೇ, ಈಚೆಗೆ ನಮ್ಮ ಮನೆಯಲ್ಲಿ ಬೇಳೆಗೆ ಎರಡು ಜನ್ಮ. ಅದು ಕುದಿದು ಒಲೆಯಿಂದ ಇಳಿಯುವ ಹೊತ್ತಿಗೆ ನಿಮ್ಮ ಅವ್ವ ನನಗಾಗಿ ಒಂದು ಬಟ್ಟಲಿನಷ್ಟನ್ನು ತೆಗೆದಿಟ್ಟು, ಆಮೇಲೆ ಉಳಿದದ್ದಕ್ಕೆ ಉಪ್ಪು ಹಾಕುತ್ತಾಳೆ. ಉಪ್ಪು ಬಿದ್ದ ಬೇಳೆ ನಗುನಗುತ್ತ ನಿಮ್ಮ ತಾಟುಗಳಿಗೆ ಹೋಗುತ್ತದೆ. ಬೀಳದ ಬೇಳೆ ಸಂನ್ಯಾಸ ಸ್ವೀಕರಿಸಿ ನನ್ನ ಮುಂದೆ ಬಂದು ಕೂರುತ್ತದೆ. ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಏರಿದ ಅಂಕಿಯನ್ನು ನೋಡಿ ತಮ್ಮ ಹುಬ್ಬನ್ನೂ ಏರಿಸಿದ ದಿನದಿಂದ ಈ ವ್ಯವಸ್ಥೆ ಜಾರಿಯಲ್ಲಿದೆ. ನನಗೇನೂ ಬೇಸರವಿಲ್ಲ ಎಂದು ಬರೆಯಬಹುದಿತ್ತು, ಆದರೆ ನನ್ನ ಬಲಗೈ ಸಾಕ್ಷಿ ಹೇಳಿಬಿಡುತ್ತದೆ. ರೊಟ್ಟಿ ಮುರಿದ ಕೂಡಲೇ ಅದು, ನನ್ನನ್ನು ಒಂದು ಮಾತೂ ಕೇಳದೆ, ತಾಟಿನ ಅಂಚಿನಲ್ಲಿ ಉಪ್ಪು ಇರುತ್ತಿದ್ದ ಜಾಗಕ್ಕೆ ಹೋಗಿ ತಡಕಾಡಿ, ಏನೂ ಸಿಗದೆ ಹಿಂದಕ್ಕೆ ಬರುತ್ತದೆ. ಹಳೆಯ ಮನೆಯ ಬಾಗಿಲು ಬಡಿದು, ಅಲ್ಲಿ ಬೇರೆಯವರು ಇರುವುದನ್ನು ಕಂಡು ನಾಚಿ ತಿರುಗಿದ ನೆಂಟರ ಹಾಗೆ.

ಮೊನ್ನೆ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಯಾದಗಿರಿಯ ಬಿಸಿಲು ಗುಡ್ಡದ ಬಂಡೆಗಳನ್ನು ಕಾಯಿಸಿದ್ದು ಸಾಲದೆಂದು, ಆ ಕಾವನ್ನು ನಮ್ಮ ಓಣಿಯ ಕಡೆ ತಿರುಗಿಸಿ ಕಳಿಸುತ್ತಿತ್ತು. ರೇಣುಕಾ ನರ್ಸಿಂಗ್ ಪರೀಕ್ಷೆಗೆ ಓದುತ್ತಿದ್ದಳು. ನಿಮಗೆಲ್ಲ ಗೊತ್ತಿರುವಂತೆ, ಮನಸ್ಸಿನಲ್ಲಿ ಓದಿದ್ದು ಅವಳಿಗೆ ನಿಲ್ಲುವುದಿಲ್ಲ; ಗಟ್ಟಿಯಾಗಿ ಓದಬೇಕು, ಓದಿದ್ದನ್ನು ಇನ್ನೊಬ್ಬರಿಗೆ ಹೇಳಬೇಕು. ಅವಳ ತಮ್ಮ ಮಲ್ಲು ಹೇಗೂ ತಪ್ಪಿಸಿಕೊಂಡು ಓಡಿಹೋಗುತ್ತಾನೆ, ನಾನು ಓಡಲಾರೆ. ಹೀಗಾಗಿ ಮನುಷ್ಯನ ಮೈಯಲ್ಲಿ ನೀರು ಮತ್ತು ಲವಣಗಳ ಹದ ಹೇಗೆ ಕಾಯಲ್ಪಡುತ್ತದೆ ಎಂಬ ಪಾಠ ನನ್ನ ಪಾಲಿಗೆ ಬಂತು. ಮೊದಮೊದಲು ಹೂಂಗುಟ್ಟುತ್ತ ಕೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬೀಜ ಯಾವ ಬುಟ್ಟಿಗೆ, ಹಣ್ಣು ಯಾವ ಬುಟ್ಟಿಗೆ ಎಂಬುದೇ ಮರೆಯಿತು. ಕಡೆಗೆ ನಾನು ಎದ್ದು ನಿಂತಿದ್ದೆನಂತೆ. "ಆಯಿ, ಪರೀಕ್ಷಾ ನಂದೋ ನಿಂದೋ?" ಎಂದು ಅವಳು ಕೇಳಿದಾಗಲೇ ನನಗೆ ಎಚ್ಚರ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಈ ವಯಸ್ಸಿನಲ್ಲಿ ಪಾಠ ಇಷ್ಟು ರುಚಿಸಬಾರದು. ಆದರೆ ರುಚಿಸಿತು. ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ರೇಣುಕಾ ತಿದ್ದಲಿ.

ಮೊದಲು ಗುರ್ದಾದ ವಿಷಯ. ಪುಸ್ತಕದವರು ಮೂತ್ರಪಿಂಡ ಎನ್ನುತ್ತಾರೆ. ಕುರಿ ಸಾಕಿ ಕಡಿಯುವ ಮನೆಯಲ್ಲಿ ಹುಟ್ಟಿದ ನನಗೆ ಅದು ಗುರ್ದಾ. ಅವರೆಕಾಳನ್ನು ಮುಷ್ಟಿಯಷ್ಟು ದೊಡ್ಡದು ಮಾಡಿದರೆ ಹೇಗೋ ಹಾಗೆ, ಸೊಂಟದ ಹಿಂದೆ ಎಡಕ್ಕೊಂದು ಬಲಕ್ಕೊಂದು. ಉಚ್ಚೆ ಮಾಡುವ ಕೆಲಸವೆಂದು ಅದನ್ನು ನಾನು ಇಷ್ಟು ದಿನ ಕೀಳಾಗಿ ಕಂಡಿದ್ದೆ. ಈಗ ಕೇಳಿದರೆ, ಮೈಯೊಳಗಿನ ನೀರನ್ನೆಲ್ಲ ಅದು ಹಗಲೂ ರಾತ್ರಿ ಮತ್ತೆ ಮತ್ತೆ ಸೋಸುತ್ತದಂತೆ. ದಿನಕ್ಕೆ ಹಂಡೆಗಟ್ಟಲೆ ಸೋಸಿ, ಅದರಲ್ಲಿ ಬೇಕಾದದ್ದನ್ನೆಲ್ಲ ತಿರುಗಿ ಒಳಗೆ ಕರೆದುಕೊಂಡು, ಚರಿಗೆಯಷ್ಟನ್ನು ಮಾತ್ರ ಹೊರಗೆ ಬಿಡುತ್ತದಂತೆ. ಯಾವುದನ್ನು ಬಿಡಬೇಕು ಎಂದು ಹುಡುಕುವ ಬದಲು ಎಲ್ಲವನ್ನೂ ಅಂಗಳಕ್ಕೆ ಸುರಿದು, ಬೇಕಾದದ್ದನ್ನು ಆರಿಸಿ ಒಳಗಿಡುವುದು. ದೀಪಾವಳಿಗೆ ಮನೆ ಸಾರಿಸುವ ಹೆಂಗಸರು ಮಾಡುವುದೂ ಅದನ್ನೇ, ಆದರೆ ನಾವು ವರ್ಷಕ್ಕೊಮ್ಮೆ ಮಾಡಿ ಒಂದು ವಾರ ನಡು ಹಿಡಿದುಕೊಂಡು ಕೂರುತ್ತೇವೆ.

ನಿಮ್ಮ ಮುತ್ಯಾ, ನನ್ನ ಯಜಮಾನರು, ಇದ್ದಾಗ ಒಮ್ಮೆ ನನ್ನನ್ನು ಹತ್ತಿಕುಣಿಯ ಡ್ಯಾಮು ತೋರಿಸಲು ಕರೆದೊಯ್ದಿದ್ದರು. ಎಲ್ಲರೂ ನೀರು ನೋಡುತ್ತಿದ್ದರೆ ನಾನು ತೂಬಿನ ಚಕ್ರ ತಿರುಗಿಸುವವನನ್ನೇ ನೋಡುತ್ತ ನಿಂತಿದ್ದೆ. ಇಷ್ಟು ದೊಡ್ಡ ನೀರು ಅಷ್ಟು ಸಣ್ಣ ಚಕ್ರದ ಮಾತು ಕೇಳುತ್ತದಲ್ಲ ಎಂದು. "ನೀರು ನೋಡಂದ್ರ ಗಾಲಿ ನೋಡ್ತಿ" ಎಂದು ಅವರು ದಾರಿಯುದ್ದಕ್ಕೂ ಕಾಡಿದರು. ಈಗ ಅವರಿದ್ದಿದ್ದರೆ ಹೇಳುತ್ತಿದ್ದೆ: ನಮ್ಮ ತಲೆಯೊಳಗೂ ಅಂಥ ಒಬ್ಬ ಕುಳಿತಿದ್ದಾನೆ. ರಕ್ತ ಹರಿದು ಬಂದಾಗಲೆಲ್ಲ ಅದರ ಉಪ್ಪಿನ ಹದವನ್ನು ರುಚಿ ನೋಡುತ್ತಾನೆ. ತುಸು ಗಟ್ಟಿಯಾಯಿತೋ, ಮಿದುಳಿನ ಬುಡದ ಗ್ರಂಥಿಯಿಂದ ಒಂದು ಹಾರ್ಮೋನು ಇಳಿಯುತ್ತದೆ. ಅದು ಗುರ್ದಾಕ್ಕೆ ಹೋಗಿ, ನೀರು ಬಿಡಬೇಡ ಎಂದು ಹೇಳುತ್ತದೆ. ಅದೇ ಹೊತ್ತಿಗೆ ನಮಗೆ ನೀರಡಿಕೆಯಾಗುತ್ತದೆ. ಚರಿಗೆ ಎತ್ತಿ ಕುಡಿದಾಗ ನಾವು ನಮ್ಮ ಇಚ್ಛೆಯಿಂದಲೇ ಕುಡಿದೆವೆಂದು ತಿಳಿಯುತ್ತೇವೆ. ನೀರು ಕರುಳಿನಿಂದ ರಕ್ತಕ್ಕೆ ಸೇರುವ ಮೊದಲೇ, ಗಂಟಲು ದಾಟಿದ ಕೂಡಲೇ, ಸಾಕು ಎಂಬ ಸುದ್ದಿ ಮೇಲೆ ಮುಟ್ಟಿರುತ್ತದಂತೆ. ನಮ್ಮ ಮನೆಯಲ್ಲಿ ಸಾಕು ಎಂದ ಮೇಲೂ ಇನ್ನೊಂದು ರೊಟ್ಟಿ ಬೀಳುತ್ತದೆ, ಮೈಯಲ್ಲಿ ಹಾಗಿಲ್ಲ.

ಇಲ್ಲಿ ಒಂದು ಗುಟ್ಟು ಹೇಳಬೇಕು, ನಾಚಿಕೆಯಾದರೂ. ನಾನು ಹರೆಯದಲ್ಲಿ ಶಹಾಪುರಕ್ಕೋ ಸೈದಾಪುರಕ್ಕೋ ಲಗ್ನಕ್ಕೆ ಹೊರಟರೆ ಮುಂಜಾನೆಯಿಂದ ನೀರು ಮುಟ್ಟುತ್ತಿರಲಿಲ್ಲ. ದಾರಿಯಲ್ಲಿ ಬಸ್ಸು ನಿಲ್ಲಿಸಿ ಎಂದು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ನಿಂತರೂ ಗಿಡದ ಮರೆ ಇರುತ್ತಿರಲಿಲ್ಲ. ಬಸ್ಸಿನ ಹೆಂಗಸರೆಲ್ಲ ಹಾಗೆಯೇ, ರೇಷ್ಮೆ ಸೀರೆಯುಟ್ಟ ಒಣಕಟ್ಟಿಗೆಗಳು. ಆಗ ನನ್ನ ಮರ್ಯಾದೆ ಕಾಯ್ದದ್ದು ನನ್ನ ಸಂಯಮವೆಂದು ಐವತ್ತು ವರ್ಷ ಹೆಮ್ಮೆಪಟ್ಟೆ. ಕಾಯ್ದದ್ದು ಆ ಹಾರ್ಮೋನಂತೆ. ಹುಡುಗಿಯರೇ, ನೀವು ಹಾಗೆ ಮಾಡಬೇಡಿ. ಬಸ್ಸು ನಿಲ್ಲಿಸಿರಿ. ಇಲ್ಲಿಯ ಬಿಸಿಲಿಗೆ ನಾಚಿಕೆ ಎಂದರೇನೆಂದು ಗೊತ್ತಿಲ್ಲ.

ಆಮೇಲೆ ರೇಣುಕಾ ಉಪ್ಪಿನ ಮಾತಿಗೆ ಬಂದಳು. ಉಪ್ಪಿನಲ್ಲಿರುವ ಸೋಡಿಯಂ ಎಂಬುದು ಜೀವಕೋಶಗಳ ಹೊರಗಿನ ನೀರಿನಲ್ಲಿ ಹೆಚ್ಚು. ಪೊಟ್ಯಾಶಿಯಂ ಎಂಬುದು ಒಳಗೆ ಹೆಚ್ಚು. ಪ್ರತಿ ಕೋಶದ ಹೊಸ್ತಿಲಲ್ಲೂ ಕಾವಲೊಂದಿದ್ದು, ಅದು ಒಳನುಗ್ಗಿದ ಸೋಡಿಯಂ ಅನ್ನು ಹೊರಗಟ್ಟುತ್ತ, ಹೊರಬಿದ್ದ ಪೊಟ್ಯಾಶಿಯಂ ಅನ್ನು ಒಳಗೆಳೆದುಕೊಳ್ಳುತ್ತ ಇರುತ್ತದೆ. ಇದು ನನಗೆ ಥಟ್ಟನೆ ತಿಳಿಯಿತು. ನಮ್ಮ ತವರಿನಲ್ಲಿ ಮರಿಗಳು ಬುಟ್ಟಿಯೊಳಗೆ, ಕುರಿಗಳು ಹಟ್ಟಿಯಲ್ಲಿ. ಬಾಗಿಲಲ್ಲಿ ಒಬ್ಬರು ನಿಂತು ಇಡೀ ಸಂಜೆ ಇತ್ತ ನುಗ್ಗಿದ್ದನ್ನು ಅತ್ತ, ಅತ್ತ ಜಿಗಿದದ್ದನ್ನು ಇತ್ತ ದೂಡುತ್ತಿರಬೇಕು. ಆ ಗಲಾಟೆ ಇರುವವರೆಗೆ ಹಟ್ಟಿ ಜೀವಂತ. ನರ ಮಿಡಿಯುವುದೂ, ಎದೆ ಬಡಿಯುವುದೂ ಆ ನೂಕಾಟದಿಂದಲೇ ಅಂತೆ. ಮತ್ತೆ, ಉಪ್ಪು ಎಲ್ಲಿ ಹೆಚ್ಚೋ ನೀರು ಅಲ್ಲಿಗೆ ಹೋಗುತ್ತದೆ. ಬಿಸಿಲಲ್ಲಿ ದುಡಿದು ಬೆವರಿನಲ್ಲಿ ಉಪ್ಪು ಕಳೆದುಕೊಂಡವರು ಬರೀ ನೀರನ್ನೇ ಕುಡಿಯುತ್ತ ಹೋದರೆ ಹೊರಗಿನ ಹದ ತೆಳ್ಳಗಾಗಿ, ನೀರು ಕೋಶಗಳ ಒಳಗೆ ನುಗ್ಗುತ್ತದೆ, ಕೋಶಗಳು ಉಬ್ಬುತ್ತವೆ, ಕೈಕಾಲು ಉಬ್ಬಿದರೆ ತಡೆದೀತು, ಮಿದುಳು ಉಬ್ಬಿದರೆ ತಲೆಬುರುಡೆಯಲ್ಲಿ ಜಾಗ ಎಲ್ಲಿದೆ? ಮಾತು ಅಡ್ಡಾದಿಡ್ಡಿಯಾಗುತ್ತದೆ, ಎದುರಿಗಿದ್ದವರ ಗುರುತು ಸಿಗುವುದಿಲ್ಲ.

ನಾನು ಎದ್ದು ನಿಂತದ್ದು ಆಗ. ನನಗೆ ಎಂಟು ವರ್ಷವಾಗಿದ್ದಾಗ ಕಣ್ಣಾರೆ ಕಂಡು, ಇವತ್ತಿನವರೆಗೆ ಅರ್ಥವಾಗದೆ ಉಳಿದಿದ್ದ ಒಂದು ಸಂಗತಿಯನ್ನು ಆ ಪುಸ್ತಕ ಎದುರು ಕೂತು ನೋಡಿದಂತೆ ಹೇಳುತ್ತಿತ್ತು.

ಆಗ ನಿಜಾಮರ ಆಡಳಿತ ಮುಗಿದು ನಮ್ಮ ಸೀಮೆ ದೇಶಕ್ಕೆ ಸೇರಿದ ಹೊಸತು. ನಮ್ಮೂರು ಸುರಪುರದಿಂದ ಎತ್ತಿನ ಬಂಡಿಯಲ್ಲಿ ಒಂದು ಹೊತ್ತಿನ ದಾರಿ. ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು. ಬಲದಿಂದ ಎಡಕ್ಕೆ ಬರೆಯುತ್ತಿದ್ದ ಹುಡುಗರಿಗೆ ಈಗ ಎಡದಿಂದ ಬಲಕ್ಕೆ ಬರೆಯಬೇಕಾಗಿ ಎಲ್ಲರೂ ನಡುವಿನಲ್ಲಿ ಡಿಕ್ಕಿ ಹೊಡೆಯುತ್ತಿದ್ದರು. ಹೊಸದಾಗಿ ಸೇರಿದ ನಾವು ಹೆಣ್ಣುಮಕ್ಕಳು ಏನನ್ನೂ ಮರೆಯಬೇಕಾಗಿರಲಿಲ್ಲವಾದ್ದರಿಂದ ಬೇಗ ಕಲಿತೆವು. ಊರಿಗೆ ಹಗುರಾದ ಕಾಲ. ನಿಜಾಮರ ಕಡೆಗಾಲದ ಗಲಾಟೆಯ ದಿನಗಳಲ್ಲಿ ಜೀವ ಉಳಿಸಿಕೊಳ್ಳಲು ಕೃಷ್ಣೆ ದಾಟಿ ಆಚೆ ಹೋಗಿದ್ದ ಗಂಡಸರು ಒಬ್ಬೊಬ್ಬರಾಗಿ ತಿರುಗಿ ಬರುತ್ತಿದ್ದರು. ನಮ್ಮಪ್ಪ ಮಾತ್ರ ಬರಲಿಲ್ಲ. ಸುದ್ದಿಯೂ ಬರಲಿಲ್ಲ. ಮನೆಯಲ್ಲಿ ಅಪ್ಪನ ತಾಯಿ ನಿಂಗಮ್ಮಾಯಿ, ನನ್ನ ಅವ್ವ ಭೀಮವ್ವ, ನಾನು, ಒಂದಿಷ್ಟು ಕುರಿ.

ಅವ್ವ ಶಿವರಾತ್ರಿಯ ಮರುದಿನ ಹಳ್ಳದ ದಂಡೆಯ ದುರ್ಗಮ್ಮನಿಗೆ ಹರಕೆ ಹೊತ್ತಳು: ಗಂಡ ಮನೆಗೆ ಬರುವವರೆಗೆ ಬಾಯಿಗೆ ಉಪ್ಪು ಮುಟ್ಟಿಸುವುದಿಲ್ಲ. ನಮ್ಮ ಕಡೆ ಇದು ಹೊಸದಲ್ಲ. ಹೆಂಗಸರು ಒಂದು ವಾರವೋ ಹುಣ್ಣಿಮೆಯಿಂದ ಅಮಾಸಿಗೋ ಸಪ್ಪನ್ನ ಉಣ್ಣುವುದುಂಟು. ಕೊನೆಯಿಲ್ಲದ ಹರಕೆಯನ್ನು ಯಾರೂ ಹೊತ್ತಿರಲಿಲ್ಲ. ಆಯಿಗೆ ಸೊಸೆಯ ಮೇಲೆ ಎಂದೂ ಇಲ್ಲದ ಅಭಿಮಾನ ಉಕ್ಕಿತು. ಅದುವರೆಗೆ ಅವಳ ಸಾರಿನಲ್ಲಿ ಉಪ್ಪು ಹೆಚ್ಚೆಂದೋ ಕಡಿಮೆಯೆಂದೋ ದಿನವೂ ಒಂದು ತಕರಾರು ತೆಗೆಯುತ್ತಿದ್ದವಳು ಅದನ್ನೂ ನಿಲ್ಲಿಸಿಬಿಟ್ಟಳು. ಹರಕೆ ಹೊತ್ತವಳನ್ನು ಉಪ್ಪಿನ ಮಾತಿನಿಂದ ನೋಯಿಸಬಾರದು ಎಂದು. ಕುರಿಗಳಿಗೆ ಕಲ್ಲಿನ ಮೇಲೆ ಉಪ್ಪು ಹರಡುವ ಕೆಲಸ ಅವ್ವನದೇ ಆಗಿತ್ತು. ಅವು ಸುಖದಿಂದ ನೆಕ್ಕುತ್ತಿದ್ದರೆ ಅವಳು ಕೈಯನ್ನು ಮಣ್ಣಿಗೆ ಉಜ್ಜಿ, ತೊಳೆದು, ಆಮೇಲೆ ರೊಟ್ಟಿ ಮುಟ್ಟುತ್ತಿದ್ದಳು.

ಯುಗಾದಿ ಕಳೆಯಿತು, ಬಿಸಿಲು ಬಲಿಯಿತು. ಮಳೆಗೆ ಮುಂಚೆ ಹೊಲದಲ್ಲಿ ಜೋಳದ ಕೂಳೆ ಕಿತ್ತು ಆರಿಸುವ ಕೆಲಸ ಅವ್ವನ ಮೇಲೆ ಬಿತ್ತು. ಮುಂಜಾನೆಯಿಂದ ಬಗ್ಗಿ, ಬೆವರು ಸುರಿಸಿ, ಕೊಡದ ನೀರನ್ನು ಚರಿಗೆ ಚರಿಗೆ ಕುಡಿಯುತ್ತಿದ್ದಳು. ಕಾಲಿನ ಮೀನಖಂಡ ಗಂಟುಕಟ್ಟಿಕೊಂಡು ನೋಯುತ್ತದೆ ಎಂದಾಗ ಬಿಸಿಲೆಂದರು, ತಲೆ ಶೂಲೆ ಎಂದಾಗಲೂ ಬಿಸಿಲೆಂದರು, ಇನ್ನಷ್ಟು ನೀರು ಕುಡಿ ಎಂದರು. ಅವಳು ಹೇಳಿದ ಮಾತು ಕೇಳುವ ಸ್ವಭಾವದವಳು, ಕುಡಿದಳು.

ಒಂದು ಮಧ್ಯಾಹ್ನ ಹೊಲದಿಂದ ಅವಳನ್ನು ನಾಲ್ಕು ಜನ ಹಿಡಿದುಕೊಂಡು ಬಂದರು. ಕಟ್ಟೆಯ ಮೇಲೆ ಕೂರಿಸಿದರು. ತೂಗಾಡುತ್ತಿದ್ದಳು, ಕಣ್ಣು ಎಲ್ಲೋ ಇತ್ತು, ತನ್ನಷ್ಟಕ್ಕೆ ಏನೋ ಆಡುತ್ತಿದ್ದಳು. ನಾನು ಓಡಿಹೋಗಿ ಅವಳ ತೊಡೆ ಹಿಡಿದೆ. ಅವಳು ನನ್ನನ್ನು ನೋಡಿ, ಇದು ಯಾರ ಕೂಸು ಎಂದು ಕೇಳಿದಳು.

ಆದರೆ ನೆರೆದವರಿಗೆ ಭಯವಾಗಲಿಲ್ಲ, ಭಕ್ತಿಯಾಯಿತು. ಉಪ್ಪು ಬಿಟ್ಟು ಕಠಿಣ ಹರಕೆ ನಡೆಸಿದ ಹೆಣ್ಣು, ಬೇಸಿಗೆಯ ನಡುಹಗಲು, ಮನುಷ್ಯರ ಗುರುತಿಲ್ಲದ ಕಣ್ಣು. ಇದು ದುರ್ಗಮ್ಮ ಮೈದುಂಬಿದ್ದಲ್ಲದೆ ಇನ್ನೇನು? ಕುಂಕುಮ ಬಂತು, ಊದುಬತ್ತಿ ಬಂತು. ಅತ್ತೆಯಾದ ನಿಂಗಮ್ಮಾಯಿ ಸೊಸೆಯ ಕಾಲಿಗೆ ಹಣೆ ಮುಟ್ಟಿಸಿದಳು. ದೇವಿಗೆ ದಾಹವೆಂದು ಕೊಡದಿಂದ ನೀರು ಕುಡಿಸಿದರು. ಅವಳು ಕುಡಿದಷ್ಟೂ ದೇವಿ ಇನ್ನೂ ಹತ್ತಿರ ಬಂದಳೆಂದು ಇನ್ನೂ ಕುಡಿಸಿದರು. ಎದುರು ಮನೆಯ ಶರಣಮ್ಮ ಹೆಂಗಸರಲ್ಲೆಲ್ಲ ಚುರುಕು. ದೇವಿ ಬಂದಿರುವಾಗ ಹೊತ್ತು ದಂಡ ಮಾಡಬಾರದೆಂದು ಮುಂದೆ ಬಂದು ಕೈಮುಗಿದಳು.

"ತಾಯಿ, ನಮ್ಮ ಕರಿ ಆಡು ನಿನ್ನಿ ಸಂಜಿಯಿಂದ ಕಾಣಂಗಿಲ್ಲ. ಎಲ್ಲಿ ಹೋಗ್ಯಾದ ಹೇಳವ್ವ."

"ಬಾಗಲಾ ಹಾಕ್ರಿ, ಗಾಳಿ ಬರಾಕತ್ತದ" ಎಂದಳು ಅವ್ವ.

ಗಾಳಿಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಶರಣಮ್ಮನಿಗೆ ಅರ್ಥವಾಯಿತು: ಯಾರೋ ಆಡನ್ನು ಒಳಗೆ ಹಾಕಿ ಬಾಗಿಲು ಹಾಕಿದ್ದಾರೆ. ಯಾರ ಮನೆಯೆಂದೂ ಅವಳೇ ಊಹಿಸಿ, ಸೆರಗು ಸಿಕ್ಕಿಸಿ ಜಗಳಕ್ಕೆ ನಡೆದಳು. ಆಗ ಆಯಿ ಮೆಲ್ಲಗೆ, ಯಾರಿಗೂ ಕೇಳಿಸಬಾರದೆಂಬಂತೆ, ಇಷ್ಟು ದಿನ ಎದೆಯಲ್ಲಿಟ್ಟುಕೊಂಡದ್ದನ್ನು ಕೇಳಿದಳು. ಮಗ ಬದುಕಿದ್ದಾನೋ ಇಲ್ಲವೋ ಎಂದು. ಅವ್ವ ಆಯಿಯನ್ನೇ ನೋಡಿದಳು, ಬಾಯಿ ತೆರೆದಳು, ಮಾತಿನ ಬದಲು ಕುಡಿದ ನೀರೆಲ್ಲ ಹೊರಗೆ ಬಂತು. ಮತ್ತೊಮ್ಮೆ ಬಂತು. ಕಾಲುಗಳು ಸೆಟೆದುಕೊಂಡವು. ಆಯಿ ಸೀರೆ ಕೊಡವಿಕೊಂಡು ಎದ್ದಳು.

"ದೇವಿ ವಾಂತಿ ಮಾಡ್ಕೊಳಂಗಿಲ್ಲ" ಎಂದಳು. "ಬಂಡಿ ಕಟ್ರಿ."

ನಾವು ಸುರಪುರದ ದವಾಖಾನೆಗೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಡಾಕ್ಟರ್ ಸಾಹೇಬರು ಹೈದರಾಬಾದಿನ ಕಡೆಯವರು, ಉರ್ದು ಮಾತಾಡುವವರು. ಆಯಿಗೆ ಕುರಿಸಂತೆಯಲ್ಲಿ ಕಲಿತ ಮುರುಕು ಉರ್ದು ಬರುತ್ತಿತ್ತು. ಅದರಲ್ಲಿ ಕುರಿಯ ಹಲ್ಲು, ತೂಕ, ಕಾಯಿಲೆಗಳ ಬಗ್ಗೆ ಎಷ್ಟಾದರೂ ಹೇಳಬಹುದು. ಅದೇ ಮಾತಿನಲ್ಲಿ ಸೊಸೆಯ ಸ್ಥಿತಿ ವಿವರಿಸಿದಳು. ಡಾಕ್ಟರು ಅವ್ವನ ಮೀನಖಂಡ ಒತ್ತಿ ನೋಡಿದರು, ಕಣ್ಣು ನೋಡಿದರು, ಏನು ಊಟ ಎಂದು ಕೇಳಿದರು. ಆಯಿಗೆ ಹೇಳಿಕೊಳ್ಳಲು ಇದಕ್ಕಿಂತ ದೊಡ್ಡ ಅವಕಾಶ ಬೇಕಿರಲಿಲ್ಲ. ಶಿವರಾತ್ರಿಯಿಂದ ಉಪ್ಪಿಲ್ಲ, ಸಪ್ಪನ್ನ ರೊಟ್ಟಿ, ಕೊಡಗಟ್ಟಲೆ ನೀರು ಎಂದು ಹೆಮ್ಮೆಯಿಂದ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಬರೀ ನೀರು ಇನ್ನೊಂದು ಗುಟುಕೂ ಕೊಡಬೇಡಿ ಎಂದರು. ಇವಳ ಮೈಯಲ್ಲಿ ನೀರಿಗೆ ಕೊರತೆಯಿಲ್ಲ, ಉಪ್ಪು ತೀರಿದೆ; ಗುಟುಕು ಗುಟುಕಾಗಿ ಉಪ್ಪು ಹಾಕಿದ ಗಂಜಿ ಕುಡಿಸಬೇಕು, ತಡಮಾಡಿದರೆ ಸೆಳವು ಬರುತ್ತದೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದರು. ಬೇಸಿಗೆಯಲ್ಲಿ ನೀರು ಕೊಡಬೇಡವೆನ್ನುವ ಡಾಕ್ಟರನ್ನು ನಮ್ಮ ಸೀಮೆ ಅದೇ ಮೊದಲು ಕಂಡಿದ್ದು.

ಗಂಜಿ ಬಂತು. ಅಷ್ಟರಲ್ಲಿ ಅವ್ವನಿಗೆ ಮಬ್ಬು ತುಸು ಹರಿದಿತ್ತು. ಉಪ್ಪು ಎಂಬ ಮಾತು ಕಿವಿಗೆ ಬಿದ್ದದ್ದೇ ಹಲ್ಲು ಕಚ್ಚಿ ಗೋಡೆಯ ಕಡೆ ಹೊರಳಿದಳು. ಯಾರಿಗೂ ಅವಳ ಮುಖ ಈಚೆ ತಿರುಗಿಸಲಾಗಲಿಲ್ಲ.

"ನಾ ಉಪ್ಪು ತಿಂದ್ರ ಅವರು ಬರಂಗಿಲ್ಲ" ಎಂದಳು ಗೋಡೆಗೆ.

ಡಾಕ್ಟರು ಗದರಿದರು. ಅವರು ಗದರಿದ ಭಾಷೆ ಅವಳಿಗೆ ತಿಳಿಯಲಿಲ್ಲ, ತಿಳಿದರೂ ಕೇಳುತ್ತಿರಲಿಲ್ಲ. ನಾನು ಆಯಿಯ ಮುಖ ನೋಡಿದೆ. ಅವಳು ಗದರಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಮಕ್ಕಳೇ, ಆಗ ನನಗೆ ತಿಳಿಯದ್ದು ಈಗ ತಿಳಿಯುತ್ತದೆ. ಅವ್ವ ನಂಬಿದ್ದನ್ನೇ ಆಯಿಯೂ ನಂಬಿದ್ದಳು. ಆ ಬಟ್ಟಲಿನ ಒಂದು ಬದಿಗೆ ಅವಳ ಸೊಸೆಯಿದ್ದಳು, ಇನ್ನೊಂದು ಬದಿಗೆ ಹೊಳೆಯಾಚೆ ಎಲ್ಲಿಯೋ ಅವಳ ಒಬ್ಬನೇ ಮಗ. ಹರಕೆ ಮುರಿ ಎಂದರೆ ಮಗ ಹೋದ. ಮುರಿಯಬೇಡ ಎಂದರೆ ಇವಳು ಹೋದಳು. ಆಯಿ ಹೊದ್ದಿದ್ದ ಕುರಿಯ ವಾಸನೆಯ ಕಂಬಳಿಯನ್ನು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ಮಂಚದ ಹತ್ತಿರ ಹೋಗಿ ನೆಲಕ್ಕೆ ಕೂತು, ಮದುವೆಯಲ್ಲಿ ಉಡಿ ತುಂಬಿಸಿಕೊಳ್ಳುವವಳ ಹಾಗೆ ತನ್ನ ಸೆರಗನ್ನು ಎರಡೂ ಕೈಯಿಂದ ಹಿಡಿದು ಒಡ್ಡಿದಳು.

"ಭೀಮವ್ವಾ, ಇತ್ತ ತಿರುಗು. ಹರಕಿ ಮುರಿ ಅನ್ನಂಗಿಲ್ಲ ನಾನು. ಅದನ್ನ ನನ್ನ ಉಡ್ಯಾಗ ಹಾಕು. ಅವನ್ನ ನಾ ಹಡದೀನಿ, ನಾ ಹೊತ್ರ ದೇವಿ ಒಲ್ಲೆ ಅಂತಾಳೇನು?"

ಅವ್ವ ತಿರುಗಿದಳು. ಆ ಸೆರಗನ್ನು ನೋಡಿದಳು. ನಮ್ಮಲ್ಲಿ ಉಡಿಗೆ ಹಾಕಿದ್ದನ್ನು ಯಾರೂ ತಿರುಗಿ ಕೇಳುವುದಿಲ್ಲ, ಒಡ್ಡಿದ ಉಡಿಯನ್ನು ಯಾರೂ ಬರಿದಾಗಿ ಕಳಿಸುವುದಿಲ್ಲ. ಎರಡೂ ಕೈಗಳನ್ನು ಬೊಗಸೆ ಮಾಡಿ, ಏನೂ ಇಲ್ಲದ ಆ ಬೊಗಸೆಯನ್ನು ಆಯಿಯ ಸೆರಗಿನ ಮೇಲೆ ಬೋರಲು ಮಾಡಿದಳು. ಆಯಿ ಸೆರಗಿನ ತುದಿಯನ್ನು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಒಳಗೆ ನಿಜವಾಗಿ ಏನೋ ಇರುವಂತೆ.

"ಈಗದು ನಂದು. ನೀ ಬಾಯಿ ತೆಗಿ."

ಅವ್ವ ಬಾಯಿ ತೆರೆದಳು. ಮರುದಿನ ಸಂಜೆಯ ಹೊತ್ತಿಗೆ ನನ್ನನ್ನು ಹತ್ತಿರ ಕರೆದು, ತಲೆ ಯಾಕೆ ಬಾಚಿಕೊಂಡಿಲ್ಲ ಎಂದು ಬೈದಳು. ಬೈಗುಳ ಅಷ್ಟು ಸಿಹಿಯಾಗಿ ಮತ್ತೆಂದೂ ಕೇಳಿಸಿಲ್ಲ.

ಡಾಕ್ಟರಿಗೆ ಮಾತ್ರ ಹೊಸ ಚಿಂತೆ ಶುರುವಾಯಿತು. ಇವತ್ತು ಸೊಸೆ, ನಾಳೆ ಈ ಮುದುಕಿ. ಇವಳೂ ಉಪ್ಪು ಬಿಟ್ಟು ಬಿಸಿಲಲ್ಲಿ ಕುರಿ ಕಾಯುವವಳೇ. ಅವರು ಎಷ್ಟೋ ತಿಳಿಹೇಳಿದರು. ಕಡೆಗೆ ಆಯಿ ತನ್ನ ಸಂತೆಯ ಉರ್ದುವಿನಲ್ಲಿ ಒಂದೇ ಪ್ರಶ್ನೆ ಕೇಳಿದಳಂತೆ: ಒಂದು ದಿನ ಉಪ್ಪು ಬಿಟ್ಟರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಮೈ ಅಷ್ಟನ್ನು ತೂಗಿಸಿಕೊಳ್ಳುತ್ತದೆ ಎಂದರು ಡಾಕ್ಟರು. ಆಯಿಗೆ ಅಷ್ಟು ಸಾಕಾಗಿತ್ತು. ಊರಿಗೆ ಬಂದವಳೇ ಓಣಿಯ ಹೆಂಗಸರನ್ನು ಕೂಡಿಸಿ ಉಡಿಯ ಗಂಟನ್ನು ಬಿಚ್ಚಿದಳು. ದಿನಕ್ಕೊಬ್ಬರು ಸಪ್ಪನ್ನ ಉಣ್ಣುವುದು. ಹೊತ್ತು ಮುಳುಗಿದ ಮೇಲೆ ಮುಂದಿನವಳ ಉಡಿಗೆ ಹಾಕುವುದು. ಹರಕೆ ಎಡೆಬಿಡದೆ ನಡೆಯುತ್ತದೆ, ಯಾರ ಮೈಯೂ ಸೋಲುವುದಿಲ್ಲ. ಮೊದಲು ಸೆರಗು ಒಡ್ಡಿದವಳು ಶರಣಮ್ಮ. ಅವಳ ಆಡು ತಾನಾಗಿಯೇ ಮನೆಗೆ ಬಂದಿತ್ತು, ಅವಳು ಜಗಳ ಕಾದ ಮನೆಯವರು ಮಾತು ಬಿಟ್ಟಿದ್ದರು, ಅವಳಿಗೂ ಸ್ವಲ್ಪ ಪುಣ್ಯದ ಜರೂರು ಇತ್ತು.

ಇದನ್ನೆಲ್ಲ ಕೇಳಿ ರೇಣುಕಾ ಪುಸ್ತಕ ಮುಚ್ಚಿದ್ದಳು. ನಾನು ಅವಳನ್ನು ಕೇಳಿದೆ: ಶಿವರಾತ್ರಿಯಿಂದ ಅಷ್ಟು ದಿನ ಅವ್ವ ಹೇಗೆ ತಡೆದಳು, ಮೊದಲ ವಾರದಲ್ಲೇ ಯಾಕೆ ಬೀಳಲಿಲ್ಲ? ಅವಳು ಪುಸ್ತಕ ತೆರೆದು ಹುಡುಕಿ ಹೇಳಿದಳು. ಗುರ್ದಾದ ತಲೆಯ ಮೇಲೆ ಟೊಪ್ಪಿಗೆಯಂತೆ ಕೂತ ಅಡ್ರಿನಲ್ ಎಂಬ ಗ್ರಂಥಿಯಿದೆ. ಉಪ್ಪು ಕಡಿಮೆಯಾಗುತ್ತಿದೆ ಎಂದು ತಿಳಿದ ಕೂಡಲೇ ಅದು ಇನ್ನೊಂದು ಹಾರ್ಮೋನು ಕಳಿಸುತ್ತದೆ. ಆಗ ಗುರ್ದಾ ಉಚ್ಚೆಯಲ್ಲಿ ಉಪ್ಪನ್ನು ಹೊರಗೆ ಬಿಡುವುದೇ ಇಲ್ಲವೆನ್ನುವಷ್ಟು ಬಿಗಿ ಹಿಡಿಯುತ್ತದೆ. ಬೆವರಿನಲ್ಲಿ ಹೋಗುವುದನ್ನೂ ಆದಷ್ಟು ಉಳಿಸುತ್ತದೆ. ರೊಟ್ಟಿಯಲ್ಲಿ, ಹಾಲಿನಲ್ಲಿ, ಕಾಯಿಪಲ್ಯೆಯಲ್ಲಿ ತಾನಾಗಿಯೇ ಇರುವ ಕಣಕಣ ಉಪ್ಪನ್ನೂ ಹೆಕ್ಕಿ ಇಟ್ಟುಕೊಳ್ಳುತ್ತದೆ. ಮೈಮುರಿಯುವ ದುಡಿತ, ಆ ಬೆಂಕಿ ಬಿಸಿಲು, ಕೊಡಗಟ್ಟಲೆ ನೀರು ಮೂರೂ ಸೇರಿದಾಗಲೇ ಅದು ಸೋತದ್ದು.

ಅವ್ವ ಉಪ್ಪು ಬಿಟ್ಟಿದ್ದಳು, ಅವಳ ಮೈ ಬಿಟ್ಟಿರಲಿಲ್ಲ. ಅವಳು ಗುಡಿಯಲ್ಲಿ ನಿಂತು ಮಾತು ಕೊಟ್ಟ ಗಳಿಗೆಯಿಂದ, ಸೊಂಟದ ಹಿಂದಿನ ಆ ಎರಡು ಕಾಳುಗಳು ಅವಳಿಗೆ ತಿಳಿಯದಂತೆ, ಅವಳಿಗೆ ವಿರುದ್ಧವಾಗಿ, ಅವಳಿಗಾಗಿ ದುಡಿಯುತ್ತಿದ್ದವು. ಮಿದುಳು ರುಚಿ ನೋಡಿತು, ಗ್ರಂಥಿ ಹೇಳಿಕಳಿಸಿತು, ಗುರ್ದಾ ಹಿಡಿದಿಟ್ಟಿತು; ಒಬ್ಬರಿಗೆ ಭಾರವಾದದ್ದನ್ನು ಇನ್ನೊಬ್ಬರು ಹೊತ್ತರು. ಹೊರಗೆ ಓಣಿಯ ಹೆಂಗಸರು ಮಾಡಿದ್ದೂ ಅಷ್ಟೇ. ಒಂದು ಜೀವ ನಿಲ್ಲುವುದೇ ಹೀಗೆ ಏನೋ, ಒಬ್ಬರ ಉಡಿಯಿಂದ ಇನ್ನೊಬ್ಬರ ಉಡಿಗೆ. ಡಾಕ್ಟರು ಈಗ ನನಗೆ ಉಪ್ಪು ಕಡಿಮೆ ಮಾಡಿರುವುದೂ ಇದೇ ಹದಕ್ಕಾಗಿ ಎಂದು ರೇಣುಕಾ ಹೇಳಿದಳು. ವಯಸ್ಸಾದ ಗುರ್ದಾಕ್ಕೆ ಹೆಚ್ಚಾದದ್ದನ್ನು ಹೊರಗೆ ಹಾಕುವುದೂ ದಣಿವು. ಅದಕ್ಕೂ ಸ್ವಲ್ಪ ಸುಖ ಬೇಡವೇ, ನಾಲಗೆಯೊಂದೇ ನನ್ನ ಮುದ್ದಿನ ಮಗಳೇನು?

ಅಪ್ಪ ಬಂದದ್ದು ಮೊದಲ ಮಳೆ ಬಿದ್ದ ಮೇಲೆ. ಊರೇ ಖಾಲಿಯಾಗಿದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಹೊಳೆಯಾಚೆಯ ಊರುಗಳಲ್ಲಿ ನಮ್ಮನ್ನೇ ಹುಡುಕುತ್ತ ಅಲೆದಿದ್ದನಂತೆ. ಗಡ್ಡ ಬಿಟ್ಟು, ಒಣಗಿ, ಅಂಗಳದಲ್ಲಿ ನಿಂತವನನ್ನು ಕಂಡು ಶರಣಮ್ಮನೇ ಮೊದಲು ಕೂಗಿಕೊಂಡಳು. ಆ ದಿನ ಹರಕೆ ಅವಳದಾಗಿರಲಿಲ್ಲ ಎಂಬುದು ಅವಳಿಗೆ ಸಾಯುವವರೆಗೂ ಕೊರಗು. ಒಂದು ದಿನ ತಡವಾಗಿ ಬಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಅಪ್ಪನನ್ನು ಮುಖಕ್ಕೆ ಮುಖ ಕೊಟ್ಟು ಕೇಳಿದ್ದಳು. ಆ ದಿನ ಸರದಿ ನಿಂಗಮ್ಮಾಯಿಯದು.

ಊಟಕ್ಕೆ ಕುಳಿತರು. ಅಪ್ಪ ಉಂಡ. ನಾನು ಅವನ ತೊಡೆಗೆ ಒತ್ತಿ ಕೂತು ಉಂಡೆ. ಆಯಿ ಮಾತ್ರ ತನ್ನ ಸಪ್ಪನ್ನ ಅಂಬಲಿಯ ಬಟ್ಟಲು ಹಿಡಿದು ಬಾಗಿಲ ಹೊರಗೆ ನೋಡುತ್ತಿದ್ದಳು. ಮೋಡದ ಹಿಂದೆ ಹೊತ್ತು ಇನ್ನೂ ಇತ್ತು. ಮಗ ಎದುರಿಗೇ ಕುಳಿತಿದ್ದರೂ ಅವಳು ತನ್ನ ದಿನವನ್ನು ಪೂರ್ತಿ ಮಾಡುವವಳು. ಅವ್ವ ಒಳಗಿನಿಂದ ಬಂದಳು. ಅತ್ತೆಯ ಕೈಯಿಂದ ಬಟ್ಟಲು ತೆಗೆದುಕೊಂಡು, ಒಂದು ಚಿಟಿಕೆ ಉಪ್ಪು ಹಾಕಿ, ಬೆರಳಿನಿಂದ ಕಲಕಿ ತಿರುಗಿ ಕೊಟ್ಟಳು.

"ನಿಮ್ಮ ಮಗ ಬಂದಾರಲ್ರಿ ಅತ್ತಿ. ಉಣ್ರಿ ಇನ್ನ."

ಆಯಿ ಒಂದು ಗುಟುಕು ಕುಡಿದಳು. ಬಾಯಿಯಲ್ಲಿ ಆಡಿಸಿ ನುಂಗಿದಳು. ಶಿವರಾತ್ರಿಯಿಂದ ಸೊಸೆಯ ಅಡಿಗೆಗೆ ಒಂದು ಕೊರತೆಯನ್ನೂ ಹೇಳದಿದ್ದವಳು ಮುಖ ಕಿವಿಚಿ, ಮಗನ ಕಡೆ ತಿರುಗಿ ಹೇಳಿದಳು:

"ಉಪ್ಪು ಹೆಚ್ಚಾಗ್ಯಾದ ನೋಡು."

ಅವ್ವ ಗೋಡೆಯ ಕಡೆ ಮುಖ ಮಾಡಿ ನಿಂತಳು. ಅವಳ ಬೆನ್ನು ನಗುತ್ತಿತ್ತು.